ಟ್ರಂಕ್ ಕರೆಯ ಚೀಟಿಯಿಂದ ಚಿಪ್‌ನೊಳಗಿನ ಸರದಿಯವರೆಗೆ

1956ರ ನವೆಂಬರ್ 1ರವರೆಗೆ ನಾಸಿಕವು ಧಾರವಾಡ, ಬೆಳಗಾವಿಗಳೊಡನೆ ಮುಂಬಯಿ ರಾಜ್ಯದಲ್ಲಿತ್ತು. ಇಂದು ಛತ್ರಪತಿ ಸಂಭಾಜಿನಗರವೆನಿಸಿದ ಔರಂಗಾಬಾದು ಕಲಬುರಗಿ, ಬೀದರ, ರಾಯಚೂರುಗಳೊಡನೆ ಹೈದರಾಬಾದು ರಾಜ್ಯದಲ್ಲಿತ್ತು. ಗಡಿಗಳು ಬದಲಾದವು, ಈ ಊರುಗಳಲ್ಲಿ ನೆಲೆಸಿದ ನಮ್ಮವರಿಗೆ ತವರಿನ ದನಿ ಕೇಳುವ ಹಂಬಲ ಬದಲಾಗಲಿಲ್ಲ.

ಆ ದನಿಗಾಗಿ ಟ್ರಂಕ್ ಕರೆ ಬುಕ್ ಮಾಡಿ ಕಾಯಬೇಕಿತ್ತು. ಆಪರೇಟರು ಚೀಟಿಯಲ್ಲಿ ಸಂಖ್ಯೆ ಬರೆದು ಸರದಿಗೆ ಸೇರಿಸುವರು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಹೆಚ್ಚು ಹಣ ತೆತ್ತವರ ಚೀಟಿ ಮುಂದೆ. ಮಾರ್ಗಗಳು ಕೆಲವೇ ಇದ್ದುದರಿಂದ ಆರ್ಡಿನರಿ ಚೀಟಿ ಹಿಂದೆ ಸರಿಯುತ್ತಲೇ ಇತ್ತು. ಆದರೂ ಸರದಿ ನಡೆಸುವವರು ಮನುಷ್ಯರು. ಅವರನ್ನು ಬೇಡಿಕೊಳ್ಳಬಹುದಿತ್ತು, ಅವರೊಡನೆ ಜಗಳವಾಡಬಹುದಿತ್ತು. ದೂರವಾಣಿ ಕರೆಗಳ ಒತ್ತಡವನ್ನು ಗಣಿತಕ್ಕೆ ಒಳಪಡಿಸಿದ ಪ್ರಬಂಧವನ್ನು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1909ರಷ್ಟು ಹಿಂದೆಯೇ ಪ್ರಕಟಿಸಿದ್ದನು.

1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಚೆನ್ನಮ್ಮನ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಹವಾನಿಯಂತ್ರಣದ ಹಂಗಿಲ್ಲದ ಆ ಯಂತ್ರದಲ್ಲಿ ಆಪರೇಟರ ಕೆಲಸವನ್ನು ಮೈಕ್ರೊಪ್ರೊಸೆಸರೂ ಅದಕ್ಕೆ ಬರೆದ ಪ್ರೋಗ್ರಾಮೂ ವಹಿಸಿಕೊಂಡವು. ಸರದಿಯ ನಿಯಮ ಮನುಷ್ಯರ ಕೈಯಿಂದ ಯಂತ್ರದ ಸ್ಮೃತಿಗೆ ಇಳಿಯಿತು.

ಇಂದು ಮಾತೂ ಪ್ಯಾಕೆಟ್ಟುಗಳಾಗಿ ಒಡೆದು, ಒಂದೊಂದೂ ತನ್ನ ವಿಳಾಸ ಹೊತ್ತು ಸಾಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಕೀಸ್ಟೋನ್ ಬಹುಕೋರ್ ಚಿಪ್‌ಗಳನ್ನು ನೋಡಿ. ಅದರ ಮೊದಲ ಪೀಳಿಗೆಯ ಚಿಪ್‌ನಲ್ಲಿಯೇ 8192 ಸರದಿಗಳುಂಟು. ಅಲ್ಲಿ ಸಾಲಿನಲ್ಲಿ ನಿಲ್ಲುವುದು ಪ್ಯಾಕೆಟ್ಟಲ್ಲ, ಅದು ಸ್ಮೃತಿಯಲ್ಲಿ ಎಲ್ಲಿದೆಯೆಂದು ಹೇಳುವ ಸಣ್ಣ ವಿವರಣೆ. ಟ್ರಂಕ್ ಎಕ್ಸ್‌ಚೇಂಜಿನಲ್ಲಿಯೂ ಸಾಲಿನಲ್ಲಿದ್ದುದು ಚೀಟಿಯೇ ಹೊರತು ಮನುಷ್ಯನಲ್ಲ! ಫರ್ಮ್‌ವೇರ್ ತುಂಬಿದ ಪುಟ್ಟ ಪ್ರೊಸೆಸರುಗಳು ಸರದಿಗಳನ್ನು ಗಮನಿಸುತ್ತ, ಯಾವ ಕೋರ್‌ಗೆ ಕೆಲಸ ಬಂದಿದೆಯೆಂದು ತಿಳಿಸುತ್ತವೆ.

ಹಳೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಮೇಲಿನ ದರ್ಜೆಗೆ ಸದಾ ಮೊದಲ ಮಣೆ ಹಾಕಿದರೆ ಕೆಳಗಿನ ಸರದಿ ಉಪವಾಸ ಬೀಳುತ್ತದೆ. ಆದುದರಿಂದ ಎಂಜಿನಿಯರುಗಳು ಪ್ರತಿ ಸರದಿಗೂ ಒಂದು ಪಾಲನ್ನು ನಿಗದಿಪಡಿಸುವ ವಿಧಾನಗಳನ್ನು ಕಂಡುಕೊಂಡಿದ್ದಾರೆ. ಯಾರಿಗೆ ಎಷ್ಟು ಪಾಲೆಂಬುದನ್ನು ಈಗಲೂ ಮನುಷ್ಯರೇ ನಿರ್ಧರಿಸುತ್ತಾರೆ. ಆದರೆ ಅವರು ನಮಗೆ ಕಾಣುವುದಿಲ್ಲ. ಚೀಟಿಯ ಕಾಲದಲ್ಲಿ ದರ್ಜೆಯ ಹೆಸರಾದರೂ ನಮಗೆ ತಿಳಿದಿತ್ತು. ಸರದಿಯ ಇತಿಹಾಸವನ್ನು ಬರೆಯುವವರು ಯಂತ್ರದ ವೇಗದೊಡನೆ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾವು ಭಾವಿಸುತ್ತೇವೆ.