ಕಲ್ಯಾಣದ ಮದುವೆಯೂಟವೂ ಕರ್ತನ ಮೇಜೂ

ಸಭಾಚರಿತ್ರೆಯನ್ನು ಬರೆಯುವಾಗ ನಾವು ದೀಕ್ಷಾಸ್ನಾನದ ದಾಖಲೆಗಳನ್ನೂ ಮಿಷನರಿಗಳ ವರದಿಗಳನ್ನೂ ತೆರೆದು ನೋಡುತ್ತೇವೆ. ಅಡುಗೆಯ ಒಲೆಯ ಕಡೆಗೆ ತಿರುಗುವುದು ಅಪರೂಪ. ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಸಭೆಗಳ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ. ಇಲ್ಲಿನ ವಿಶ್ವಾಸಿಗಳ ಬಾಳು ಎಷ್ಟು ಬದಲಾಯಿತೆಂಬುದಕ್ಕೆ ಮದುವೆಯ ಪಂಕ್ತಿಗಿಂತ ನಿಚ್ಚಳವಾದ ಸಾಕ್ಷಿ ಬೇರೆ ದೊರೆಯದು.

ಪಾಕಶಾಸ್ತ್ರದ ಚರಿತ್ರೆಗೆ ಕಲ್ಯಾಣವು ಹೊಸ ಸ್ಥಳವೇನೂ ಅಲ್ಲ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟನು. ಉದ್ದಿನ ಇಡ್ಡರಿಕೆ, ವಟಕ, ಮಂಡಕಗಳ ಜೊತೆಯಲ್ಲಿಯೇ ಮೀನು, ಹಂದಿಯ ಮಾಂಸ ಮೊದಲಾದವುಗಳ ಪಾಕವನ್ನೂ ಅವನು ಸಂಕೋಚವಿಲ್ಲದೆ ವಿವರಿಸುತ್ತಾನೆ. ಮಾಂಸಾಹಾರವು ಕೀಳುಕುಲದ ಗುರುತೆನ್ನುವವರು ಆ ಪುಟಗಳನ್ನು ಒಮ್ಮೆ ಓದುವುದು ಲೇಸು.

ಕೆಲವೇ ದಶಕಗಳ ತರುವಾಯ ಅದೇ ಪಟ್ಟಣದಲ್ಲಿ ಒಂದು ಮದುವೆ ನಡೆಯಿತು. ಚಮ್ಮಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮಧುವರಸರ ಮಗಳನ್ನು ಕೊಟ್ಟರೆಂದೂ, ಬಿಜ್ಜಳನು ಇಬ್ಬರು ತಂದೆಯರನ್ನೂ ಕೊಲ್ಲಿಸಿದನೆಂದೂ ಶರಣ ಪರಂಪರೆಯು ಹೇಳುತ್ತದೆ. ಹೆಣ್ಣು ಕೊಡುವುದೆಂದರೆ ಆ ಮನೆಯ ಒಲೆಯ ಅನ್ನವನ್ನು ಒಪ್ಪುವುದು. ಕಲ್ಯಾಣವು ಹೊತ್ತಿ ಉರಿದದ್ದು ಇಂಥ ಒಪ್ಪಿಗೆಯಿಂದ.

19ನೆಯ ಶತಮಾನದ ಕೊನೆಯ ಭಾಗದಿಂದ ಬೀದರ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಯು ಬೇರೂರಿದಾಗ ಅದನ್ನು ಸೇರಿದವರಲ್ಲಿ ಬಹುಮಂದಿ ಮಾದಿಗರೂ ಹೊಲೆಯರೂ ಆಗಿದ್ದರು. ಊರಿನ ಮದುವೆಗಳಲ್ಲಿ ಇವರ ಪಾಲು ಪಂಕ್ತಿ ಎದ್ದ ಮೇಲೆ ಉಳಿದದ್ದು, ಅದೂ ದೂರ ಕುಳಿತು ಪಡೆದದ್ದು. ಸತ್ತ ದನದ ಮಾಂಸವು ಅವರ ಊಳಿಗಕ್ಕೆ ಅಂಟಿಕೊಂಡಿದ್ದ ಕೂಲಿ. ಅದನ್ನು ತೊರೆಯಬೇಕೆಂಬುದೂ ಹೆಂಡವನ್ನು ಮುಟ್ಟಬಾರದೆಂಬುದೂ ಹೊಸ ಸಭೆಯ ಶಿಸ್ತಾಯಿತು. ಆದುದರಿಂದ ತಮ್ಮದೇ ಮದುವೆಯಲ್ಲಿ ಹೋಳಿಗೆ, ಗೋಧಿ ಹುಗ್ಗಿ, ಜೋಳದ ರೊಟ್ಟಿ, ಶೇಂಗಾ ಹಿಂಡಿಗಳನ್ನು ಬಡಿಸಿ, ತಾವೇ ಕೊಯ್ದ ಆಡಿನ ಸಾರನ್ನು ಎರೆದಾಗ ಅದು ಬರಿಯ ಆಡಂಬರವಾಗಿರಲಿಲ್ಲ. ಎಂಜಲನ್ನು ಉಂಡವರು ಆತಿಥೇಯರಾದರು. 1948ರವರೆಗೆ ನಿಜಾಮನ ರಾಜ್ಯದಲ್ಲಿದ್ದ ಈ ನಾಡಿನಲ್ಲಿ ತಹರಿ, ದಾಲ್ಚಾಗಳು ಕೂಡ ಪಂಕ್ತಿಗೆ ಬಂದದ್ದು ಸಹಜವೇ. ಕಡಲಾಚೆಯ ಜಮೈಕಾದಲ್ಲಿಯೂ ಹೀಗೆಯೇ: 1845ರಿಂದ ಅಲ್ಲಿಗೆ ಹೋದ ಭಾರತೀಯ ಕರಾರು ಕೂಲಿಗಳ ಮಸಾಲೆಯಿಂದ ಹುಟ್ಟಿದ ಆಡಿನ ಸಾರು ಇಂದು ಅಲ್ಲಿನವರೆಲ್ಲರ ಮದುವೆಯೂಟವಾಗಿದೆ.

ಆದರೆ ನಮ್ಮಲ್ಲಿ ಆ ಮಾತು ಪೂರ್ತಿಯಾಗಲಿಲ್ಲ. ಕ್ರೈಸ್ತರ ಮನೆಯ ಮದುವೆಗೆ ಬಂದ ಮೇಲುಕುಲದ ಅತಿಥಿಗಳಿಗೆ ಅಕ್ಕಿ, ಬೇಳೆ, ಬೆಲ್ಲಗಳನ್ನು ಹಸಿಯಾಗಿಯೇ ಕೊಟ್ಟು ಕಳುಹಿಸುವುದು, ಇಲ್ಲವೆ ಅವರಿಗೆಂದು ಬೇರೆ ಕುಲದ ಅಡುಗೆಯವರನ್ನು ಕರೆಯಿಸುವುದು ರೂಢಿಯಾಯಿತು. ಇದನ್ನು ಸೌಜನ್ಯವೆಂದು ಸಮರ್ಥಿಸುವವರುಂಟು. ಪೌಲನು ಬಲಹೀನನಾದ ಸಹೋದರನ ಮನಸ್ಸಾಕ್ಷಿಯನ್ನು ಗೌರವಿಸೆಂದು ಹೇಳಲಿಲ್ಲವೇ ಎಂದು ಅವರು ಕೇಳುತ್ತಾರೆ. ಹೇಳಿದ್ದು ನಿಜ. ಆದರೆ ಅಲ್ಲಿನ ಪ್ರಶ್ನೆ ಪದಾರ್ಥದ್ದು. ಇಲ್ಲಿನದು ಬಡಿಸುವ ಕೈಯದ್ದು. ಅಂತಿಯೋಕ್ಯದಲ್ಲಿ ಕೇಫನು ಅನ್ಯಜನರ ಪಂಕ್ತಿಯಿಂದ ಹಿಂಜರಿದಾಗ ಪೌಲನು ಅವನನ್ನು ಮುಖಾಮುಖಿಯಾಗಿ ಎದುರಿಸಿದನೆಂಬುದನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಓದುತ್ತೇವೆ. ಭಾನುವಾರ ಒಂದೇ ರೊಟ್ಟಿಯನ್ನು ಮುರಿಯುವ ನಾವೂ ಮಾದಿಗ, ಹೊಲೆಯ ಎಂಬ ಹಳೆಯ ಗಡಿಯನ್ನು ನಮ್ಮ ಮಕ್ಕಳ ಮದುವೆಯ ಮಾತುಕತೆಯಲ್ಲಿ ಮರಳಿ ಎಳೆಯುವುದಾದರೆ, ಆ ಗದರಿಕೆಯು ಅತಿಥಿಗಳಿಗಿಂತ ಮೊದಲು ನಮಗೇ ತಗಲುತ್ತದೆ.

ಸಭೆಗಳ ವಿವಾಹ ದಾಖಲೆಗಳಲ್ಲಿ ವಧೂವರರ ಹೆಸರೂ ಸಾಕ್ಷಿಗಳ ರುಜುವೂ ಇರುತ್ತವೆ. ಅಂದು ಯಾರು ಬೇಯಿಸಿದರು, ಯಾರು ಕುಳಿತು ಉಂಡರು, ಯಾರು ಹಸಿ ಅಕ್ಕಿಯನ್ನು ಹೊತ್ತು ನಡೆದರು ಎಂಬುದು ಅವುಗಳಲ್ಲಿಲ್ಲ. ಅದನ್ನು ಬಲ್ಲ ಅಜ್ಜಿಯರು ಇನ್ನೂ ಹಳ್ಳಿಗಳಲ್ಲಿದ್ದಾರೆ. ನಮ್ಮ ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ.