ಕಿಡ್ನಿ ಕೆಲಸಕ್ಕ ಮಷಿನ್ ಬಂದ ಕಥಿ

ಈಗೀಗ ಮುಂಜಾನೆದ್ದು ಮೊಬೈಲ್ ತಗದ್ರ ಸಾಕು, ಯಾರರೆ ಒಬ್ಬರು ವಿಡಿಯೋ ಕಳಿಸಿರತಾರ. ಈ ರಸ ಕುಡೀರಿ, ಆ ಕಷಾಯ ಕುಡೀರಿ, ಮೈಯಾಗಿನ ವಿಷ ಎಲ್ಲಾ ತೊಳದು ಹೋಗತದ ಅಂತ. ಆದ್ರ ತೊಳೆಯೋ ಕೆಲಸ ನಾವು ಹುಟ್ಟಿದಾಗಿಂದ ನಡದೇ ಅದ. ಲಿವರ್, ಕರುಳು, ಪುಪ್ಪುಸ ತಮ್ಮ ತಮ್ಮ ಪಾಲಿಂದು ಮಾಡತಾವ. ರಕ್ತ ಸೋಸೋದು ಮಾತ್ರ ಕಿಡ್ನಿ ಪಾಲಿಗೆ. ಒಂದೊಂದು ಮುಷ್ಟಿಯಷ್ಟು, ತೂಕ ಸುಮಾರು 150 ಗ್ರಾಂ. ಎರಡೂ ಕೂಡಿ ದಿನಕ್ಕ ಸುಮಾರು 180 ಲೀಟರ್ ಸೋಸತಾವ. 15 ಲೀಟರಿನ ಕೊಡ ಅಂತ ಹಿಡದ್ರ 12 ಕೊಡ! ಅದರಾಗ ಮೈಗೆ ಬೇಕಾದದ್ದನ್ನ ತಿರುಗಿ ಒಳಗ ತಗೊಂಡು, ಒಂದೂವರಿ ಲೀಟರಿನಷ್ಟು ಮಾತ್ರ ಮೂತ್ರ ಮಾಡಿ ಹೊರಗ ಹಾಕತಾವ.

ಇದು ಎಂಥಾ ದೊಡ್ಡ ಕೆಲಸ ಅಂತ ಪೂರ್ತಿ ತಿಳದದ್ದು, ಅದನ್ನ ಮಷಿನ್ನಿನ ಕಡೆ ಮಾಡಸಲಿಕ್ಕೆ ಹೋದಾಗ.

1938ರಾಗ ಹಾಲೆಂಡ್ ದೇಶದ ಗ್ರೋನಿಂಗೆನ್ ಅನ್ನೋ ಊರಿನ ದವಾಖಾನಿಯೊಳಗ ವಿಲೆಮ್ ಕೋಲ್ಫ್ ಅಂತ ಒಬ್ಬ ಹರೇದ ಡಾಕ್ಟರ್ ಇದ್ರು. ಅವರ ಕೈಯಾಗ 22 ವರ್ಷದ ಹುಡುಗ ಒಬ್ಬ ಕಿಡ್ನಿ ನಿಂತು ಸತ್ತ. ರೈತರ ಮನಿ ಹುಡುಗ. ಅವನ ತಾಯಿಗೆ, ನಿನ್ನ ಮಗ ಉಳಿಯೋದಿಲ್ಲ ಅಂತ ಹೇಳೋ ಪಾಳಿ ಇವರಿಗೇ ಬಂತು. ದಿನಕ್ಕ ಬರೇ 20 ಗ್ರಾಂ ಯೂರಿಯಾ ಇವನ ರಕ್ತದಿಂದ ತಗೀಲಿಕ್ಕೆ ಬಂದಿದ್ರ ಹುಡುಗ ಬದುಕತಿದ್ದ ಅನ್ನೋದು ಅವರ ತಲಿಯೊಳಗ ಕುಂತುಬಿಡ್ತು. ಯೂರಿಯಾ ಅಂದ್ರ ನಮ್ಮ ಹೊಲಕ್ಕ ಚೆಲ್ಲೋ ಗೊಬ್ಬರದಾಗ ಇರೋದೇ. ನಾವು ತಿಂದ ಬ್ಯಾಳಿ, ಹಾಲು, ಮಾಂಸದಿಂದ ಮೈಯೊಳಗೂ ಆಗತದ.

ತಗಿಯೋದು ಹೆಂಗ? ಉಪ್ಪು ಹೆಚ್ಚಾದ ಮಾವಿನಕಾಯಿ ಹೋಳನ್ನ ತಿಳಿನೀರಾಗ ಹಾಕಿಟ್ರ ಉಪ್ಪು ನೀರಿಗೆ ಇಳೀತದಲ್ಲ, ಅದೇ ಯುಕ್ತಿ. ಆ ಕಡೆ ದೇಶದಾಗ ಮಾಂಸ ತುಂಬಿ ಸಾಸೇಜ್ ಮಾಡತಾರ. ಅದಕ್ಕ ಬಳಸೋ ಸೆಲೋಫೇನ್ ಕೊಳವಿಯೊಳಗ ಕೋಲ್ಫ್ ಅವರು ರಕ್ತ ತುಂಬಿ ಉಪ್ಪಿನ ನೀರಾಗ ಅಲುಗಾಡಿಸಿ ನೋಡಿದ್ರು. ಕೆಲವೇ ನಿಮಿಷದಾಗ ಯೂರಿಯಾ ನೀರಿಗೆ ಬಂತು, ರಕ್ತದ ಕಣ ಒಳಗೇ ಉಳದ್ವು. ನೀರಿನ್ಯಾಗ ಉಪ್ಪು ಹದಕ್ಕ ಸರಿಯಾಗಿ ಇರಬೇಕು, ಇಲ್ಲಾಂದ್ರ ಮೈಗೆ ಬೇಕಾದ ಉಪ್ಪೂ ಹೊರಗ ಹೋಗಿಬಿಡತದ.

ಅಷ್ಟರಾಗ ಯುದ್ಧ ಬಂತು. 1940ರಾಗ ಜರ್ಮನಿಯವರು ಹಾಲೆಂಡ್ ಹಿಡಕೊಂಡ್ರು. ಗ್ರೋನಿಂಗೆನ್ ದವಾಖಾನಿಯೊಳಗ ನಾಜಿ ಪಕ್ಷದವನ್ನ ತಂದು ಮ್ಯಾಲೆ ಕೂಡಿಸಿದಾಗ, ಅವನ ಕೈಕೆಳಗ ಮಾಡೂದಿಲ್ಲ ಅಂತ ಕೋಲ್ಫ್ ಅವರು ಕಾಂಪೆನ್ ಅನ್ನೋ ಸಣ್ಣ ಊರಿಗೆ ಹೋದ್ರು. ಅಲ್ಲೆ ಅಡಗಿ ಪಾತ್ರಿಗೆ ಎನಾಮಲ್ ಹಾಕೋ ಫ್ಯಾಕ್ಟರಿ ಇತ್ತು. ಅದರ ಮಾಲೀಕರ ಸಹಾಯದಿಂದಲೇ ಮಷಿನ್ ಆತು. ಕಟ್ಟಿಗಿ ಪಟ್ಟಿಯ ಒಂದು ಉರುಳಿ, ಅದಕ್ಕ ಸುತ್ತಿದ ಉದ್ದನ್ನ ಸಾಸೇಜ್ ಕೊಳವಿ, ಕೆಳಗ ಉಪ್ಪು ನೀರಿನ ತೊಟ್ಟಿ. ಉರುಳಿ ತಿರಗಿದಂಗ ರಕ್ತ ಕೊಳವಿಯೊಳಗ ಹರಕೋತ ಹೋಗೋದು. ನಮ್ಮ ಹಳೇ ವಾಷಿಂಗ್ ಮಷಿನ್ ನೆನಸ್ಕೋರಿ.

1943ರಾಗ ಶುರು ಮಾಡಿದ್ರು. ಮೊದಲಿಗೆ ಬಂದವರಾಗ ಹೆಚ್ಚು ಕಡಿಮಿ ಎಲ್ಲಾರೂ ತೀರಿಕೊಂಡ್ರು. ಆದ್ರೂ ಬಿಡಲಿಲ್ಲ ಪುಣ್ಯಾತ್ಮ. ಸೆಪ್ಟೆಂಬರ್ 1945ಕ್ಕ, ಯುದ್ಧ ಮುಗದ ಮ್ಯಾಲೆ, 67 ವರ್ಷದ ಒಬ್ಬಾಕಿ ಹೆಣ್ಣಮಗಳನ್ನ ಜೈಲಿನಿಂದ ತಂದ್ರು. ನಾಜಿಗಳ ಕಡೆಯಾಕಿ ಅಂತ ಊರಿಗೆ ಬ್ಯಾಡಾಗಿದ್ದಾಕಿ, ಎಚ್ಚರ ತಪ್ಪಿತ್ತು. ತಾನು ನಾಜಿಗಳನ್ನ ಕಂಡ್ರ ಆಗದವರು, ಆದ್ರೂ ಕೋಲ್ಫ್ ಅವರು ಆಕಿನ್ನ ಹನ್ನೊಂದು ತಾಸು ಮಷಿನ್ನಿಗೆ ಹಚ್ಚಿದ್ರು. ಕಣ್ಣು ತಗದಾಕಿ ಏನಂದ್ಲಂತ ಗೊತ್ತೇನ್ರಿ? ಗಂಡಗ ಸೋಡಚೀಟಿ ಕೊಡತೀನಿ! ಕೊಟ್ಲೂ ಕೊಟ್ಲಂತ. ಆಕಿ ಕಿಡ್ನಿ ಮತ್ತ ಕೆಲಸಕ್ಕ ಹತ್ತಿದ್ವು, ಇನ್ನೂ ಕೆಲವು ವರ್ಷ ಬದುಕಿದ್ಲು.

ಆಕಿದು ಕೆಲದಿನಕ್ಕ ನಿಂತ ಕಿಡ್ನಿ. ಪೂರ್ತಿ ಹೋದವರಿಗೆ ವಾರಾ ವಾರಾ ಮಷಿನ್ ಬೇಕು, ಪ್ರತಿ ಸಲ ಹೊಸಾ ರಕ್ತನಾಳ ಕೊಯ್ಯಬೇಕು. ಎಷ್ಟಂತ ಕೊಯ್ತಾರ? ಇದಕ್ಕ ದಾರಿ ತಗದದ್ದು ಅಮೆರಿಕಾದ ಸಿಯಾಟಲ್ ಊರಿನ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನೋ ಡಾಕ್ಟರ್, 1960ರಾಗ. ನಮ್ಮ ದ್ವಾಸಿ ಹತ್ತದ ತವಾಕ್ಕ ಬಳದಿರತಾರಲ್ಲ ಟೆಫ್ಲಾನ್, ಅದರ ಕೊಳವಿ ತೋಳಿನ ರಕ್ತನಾಳಕ್ಕ ಹಾಕಿ ಅಲ್ಲೇ ಇಟ್ಟಬಿಟ್ರು. ಬೇಕಾದಾಗ ಮಷಿನ್ನಿಗೆ ಜೋಡಿಸೋದು. ಮೊದಲ ಪೇಷಂಟ್ ಮುಂದ ಹನ್ನೊಂದು ವರ್ಷ ಬದುಕಿದ.

ಆದ್ರ ಮಷಿನ್ ಕಡಿಮಿ, ಕಾಯೋ ಮಂದಿ ಭಾಳ. ಯಾರಿಗೆ ಕೊಡಬೇಕು? ಅದನ್ನ ಆರಿಸಲಿಕ್ಕೆ ಏಳು ಮಂದಿ ಕಮಿಟಿ ಮಾಡಿದ್ರು. ವಕೀಲ, ಪಾದ್ರಿ, ಬ್ಯಾಂಕಿನವರು, ಹಿಂಗ. ಅದರಾಗ ಒಬ್ಬಾಕಿ ಬರೇ ಗೃಹಿಣಿ, ನಮ್ಮಂಗ. ಲಗ್ನ ಆಗೇದೇನು, ಮಕ್ಕಳೆಷ್ಟು, ದುಡಿಮಿ ಏನು, ಚರ್ಚಿಗೆ ಹೋಗತಾರೇನು, ಎಲ್ಲಾ ನೋಡಿ ಇವರು ಉಳೀಲಿ ಅನ್ನಬೇಕು. ಹಂಗಂದ್ರ ಉಳಿದವರು ಹೋಗಲಿ ಅಂತನ ಅರ್ಥ. ಕಮಿಟಿಯಿಂದ ಮನಿಗೆ ಬಂದು ಆಕಿ ಅಡಗಿ ಹೆಂಗ ಮಾಡತಿದ್ಲೋ ಅಂತ ನನಗ ಭಾಳ ಸಲ ಅನಸೇದ. 1962ರಾಗ ಲೈಫ್ ಪತ್ರಿಕಾದಾಗ ಈ ಸುದ್ದಿ ಬಂದು ದೊಡ್ಡ ಚರ್ಚಾ ಆತು. 1972ರಾಗ ಅಲ್ಲಿ ಸರಕಾರನೇ ಡಯಾಲಿಸಿಸ್ ಖರ್ಚು ಹೊರೋ ಕಾಯ್ದೆ ಆತು.

ನಮ್ಮ ದೇಶದಾಗ ಜಿಲ್ಲಾ ದವಾಖಾನಿಯೊಳಗ ಬಡವರಿಗೆ ಫುಕಟ್ ಡಯಾಲಿಸಿಸ್ ಅನ್ನೋ ಪ್ರಧಾನಮಂತ್ರಿ ಯೋಜನಾ ಬಂದದ್ದು 2016ಕ್ಕ. ಈಗ ನಮ್ಮ ಕರ್ನಾಟಕದ ತಾಲೂಕು ದವಾಖಾನಿಯೊಳಗೂ ಅದ. ವಾರಕ್ಕ ಎರಡು ಮೂರು ಸಲ, ಸಲಕ್ಕ ನಾಕು ತಾಸು. ಈಗ ಟೆಫ್ಲಾನ್ ಕೊಳವಿ ಇಲ್ಲ. ಕೈಯಾಗಿನ ಎರಡು ರಕ್ತನಾಳ ಕೂಡಿಸಿ ಹೊಲೀತಾರ, ಫಿಸ್ಟುಲಾ ಅಂತಾರ. ಮುಟ್ಟಿದ್ರ ಝುಂ ಅಂತಿರತದ. ಆ ಕೈಗೆ ಬಿಗಿ ಬಳಿ ಇಡಸಬಾರದು, ಬಿ.ಪಿ. ನೋಡಬಾರದು, ಕೊಡ ಎತ್ತಸಬಾರದು.

ಇನ್ನೊಂದು, ಮಾತಾಡಸಲಿಕ್ಕೆ ಹೋಗೋವಾಗ ನಾವು ಎಳನೀರು, ಬಾಳಿಹಣ್ಣು ಹಿಡಕೊಂಡು ಹೋಗತೀವಿ. ಅದರಾಗ ಪೊಟ್ಯಾಸಿಯಂ ಭಾಳ. ಕೆಟ್ಟ ಕಿಡ್ನಿ ಅದನ್ನ ಹೊರಗ ಹಾಕಲಿಕ್ಕೆ ಆಗೋದಿಲ್ಲ, ರಕ್ತದಾಗ ಏರಿ ಎದಿಬಡಿತ ನಿಂತುಬಿಡಬಹುದು. ವಿಡಿಯೋದಾಗ ಹೇಳೋ ಸೊಪ್ಪಿನ ರಸ, ಹಣ್ಣಿನ ರಸದ್ದೂ ಅದೇ ಕಥಿ. ಅವರ ಮನ್ಯಾಗ ಮೊದಲ ಕೇಳಿ, ಡಾಕ್ಟರ್ ಬರದ ಕೊಟ್ಟ ಚೀಟಿ ನೋಡೇ ಏನರೆ ಒಯ್ಯರಿ.