ಬೀಜ ಕಾಯ್ದ ನೂರು ವರ್ಷ

ನಮ್ಮ ಮುದ್ದೆಯ ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಸಾರಿಗೆ ಖಾರ ಕೊಡುವ ಮೆಣಸಿನಕಾಯಿ, ಪಲ್ಯದ ಆಲೂಗಡ್ಡೆ ಅಮೆರಿಕ ಖಂಡಗಳವು. ತನ್ನ ಊಟದ ಬೀಜವೆಲ್ಲ ತನ್ನಲ್ಲೇ ಹುಟ್ಟಿತೆಂದು ಹೇಳಬಲ್ಲ ದೇಶ ಇಲ್ಲ. ಯಾವ ಬೆಳೆ ಎಲ್ಲಿಯದೆಂದು ಲೋಕ ಸುತ್ತಿ ಹುಡುಕಿದವರು ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್. ಬೆಳೆಗಳ ಉಗಮ ಕೇಂದ್ರಗಳ ಬಗ್ಗೆ 1926ರಲ್ಲಿ ಬರೆದರು. ಹೋದಲ್ಲೆಲ್ಲ ಬೀಜ ಕೂಡಿಸಿ ಲೆನಿನ್‌ಗ್ರಾಡ್‌ಗೆ ತಂದರು. ಆದರೆ ತಳಿಶಾಸ್ತ್ರವನ್ನೇ ಅಲ್ಲಗಳೆದ ಕೃಷಿ ವಿಜ್ಞಾನಿ ಲೈಸೆಂಕೊನಿಗೆ ಸ್ಟಾಲಿನ್ ಕೃಪೆಯಿತ್ತು. ಅವನನ್ನು ಒಪ್ಪದ ವಾವಿಲೋವ್ ಬಂಧನ 1940ರಲ್ಲಿ ಆಯಿತು, 1943ರಲ್ಲಿ ಸರಟೋವ್ ಜೈಲಿನಲ್ಲಿ ತೀರಿಕೊಂಡರು. ಅದೇ ವರ್ಷಗಳಲ್ಲಿ ನಾಜಿ ಸೇನೆ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಹಾಕಿತ್ತು. ಅಲ್ಲಿನ ಭತ್ತದ ಸಂಗ್ರಹ ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೋವ್, ಸುತ್ತ ಪೊಟ್ಟಣಗಳಿದ್ದರೂ ಒಂದನ್ನೂ ಬಿಚ್ಚದೆ ಹಸಿವಿನಿಂದ ಸತ್ತರು. ಅವರ ಸಹೋದ್ಯೋಗಿಗಳಲ್ಲೂ ಹಲವರು ಹಾಗೆಯೇ ಹೋದರು.

ಯುದ್ಧ ಮುಗಿದ ಮೇಲೆ ಕಷ್ಟ ಬೇರೆ ದಿಕ್ಕಿನಿಂದ ಬಂತು. ಹೆಚ್ಚು ಇಳುವರಿಯ ಹೊಸ ತಳಿಗಳು ಹೊಟ್ಟೆ ತುಂಬಿಸಿದವು, ಜೊತೆಗೆ ನಾಟಿ ತಳಿಗಳನ್ನು ಹೊಲದಿಂದ ಹೊರದಬ್ಬಿದವು. ಇದರ ಅಪಾಯವನ್ನು ಅಮೆರಿಕ 1970ರಲ್ಲಿ ಕಂಡಿತು. ಮುಸುಕಿನ ಜೋಳದ ಸಂಕರ ಬೀಜ ತಯಾರಿಸುವಾಗ ಗಂಡು ಹೂಗೊಂಚಲು ಕೀಳುವ ಕೂಲಿ ಉಳಿಯಲೆಂದು ಬಹುಪಾಲು ಕಂಪನಿಗಳು ಗಂಡು ಬಂಜೆತನದ ಒಂದೇ ಮೂಲವನ್ನು ಬಳಸಿದ್ದವು. ಆ ಮೂಲಕ್ಕೇ ಎರಗುವ ಎಲೆ ಅಂಗಮಾರಿ ಹಬ್ಬಿ ಸುಮಾರು ಶೇಕಡಾ 15ರಷ್ಟು ಫಸಲು ಒಂದೇ ವರ್ಷದಲ್ಲಿ ನಾಶವಾಯಿತು. ಕೂಲಿಯ ಉಳಿತಾಯಕ್ಕೆ ತೆತ್ತ ಬೆಲೆ!

ಬೀಜದ ಸಂಗ್ರಹ ಏನು ಮಾಡಬಲ್ಲದು ಎಂಬುದಕ್ಕೆ ಭತ್ತದ ಕತೆಯೇ ಸಾಕು. ಏಷ್ಯಾದ ಗದ್ದೆಗಳಲ್ಲಿ ಹುಲ್ಲುಕುಂಠ ನಂಜುರೋಗ ಕಾಣಿಸಿಕೊಂಡಾಗ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಆರು ಸಾವಿರಕ್ಕೂ ಮಿಕ್ಕಿದ ಮಾದರಿಗಳನ್ನು ಪರೀಕ್ಷಿಸಿತು. ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಹೋಗಿದ್ದ ಒಂದು ಕಾಡುಭತ್ತದಲ್ಲಿ. ಅಕ್ಕಿಯಾಗಿ ಅದನ್ನು ಯಾರೂ ಕೊಳ್ಳುವಂತಿರಲಿಲ್ಲ. ಆ ಗುಣ ಹೊತ್ತ ಐಆರ್-36 ತಳಿ 1976ರಲ್ಲಿ ಬಿಡುಗಡೆಯಾಗಿ ಏಷ್ಯಾದ ಕೋಟಿಗಟ್ಟಲೆ ಎಕರೆ ಆವರಿಸಿತು. ನಮ್ಮ ಮಂಡ್ಯದಲ್ಲೂ ಇಂಥದ್ದೇ ನಡೆಯಿತು. ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ದಪ್ಪ ತೆನೆಯ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಕಣ್ಣಿಗೆ ಬೀಳದಷ್ಟು ಚಿಕ್ಕ ಹೂವಿನ ರಾಗಿಯಲ್ಲಿ ಪರಾಗಸ್ಪರ್ಶ ಮಾಡಿಸುವುದೇ ತಪಸ್ಸು. ಅವರಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲವೆಂದೇ ನನ್ನ ಎಣಿಕೆ.

ಬೀಜ ಕಾಪಿಡುವ ಜೀನ್ ಬ್ಯಾಂಕುಗಳು ಬೆಳೆದದ್ದು ಈ ಕಾಲದಲ್ಲೇ. ದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ 1976ರದು. ಬೀಜವನ್ನು ಚೆನ್ನಾಗಿ ಒಣಗಿಸಿ ಮೈನಸ್ 18 ಡಿಗ್ರಿಯಲ್ಲಿಟ್ಟರೆ ಹಲವು ದಶಕ ಜೀವ ಹಿಡಿದಿರುತ್ತದೆ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಭೂಗತ ಉಗ್ರಾಣ ಇವೆಲ್ಲದರ ನಕಲು ಪ್ರತಿ ಇಡುವ ಜಾಗ, ಇಟ್ಟವರೇ ಹಿಂಪಡೆಯಬೇಕು. ಸಿರಿಯಾದ ಯುದ್ಧದಿಂದ ಅಲೆಪ್ಪೊ ಬಳಿಯ ಜೀನ್ ಬ್ಯಾಂಕು ಕೈತಪ್ಪಿದಾಗ, 2015ರಲ್ಲಿ ಮೊದಲ ಬಾರಿಗೆ ಸ್ವಾಲ್‌ಬಾರ್ಡ್‌ನಿಂದ ಬೀಜ ಹೊರಬಂತು. ಲೆಬನಾನ್, ಮೊರಾಕೊಗಳಲ್ಲಿ ಬಿತ್ತಿ ಬೆಳೆದು 2017ರಿಂದ ಹೊಸ ಬೀಜ ಮರಳಿಸತೊಡಗಿದರು.

ಯಾರ ಬೀಜ ಎಂಬ ಜಗಳವೂ ಜೊತೆಗೇ ಬೆಳೆಯಿತು. 1992ರ ಜೀವವೈವಿಧ್ಯ ಒಪ್ಪಂದ ಜೈವಿಕ ಸಂಪತ್ತನ್ನು ದೇಶಗಳ ಹಕ್ಕಿಗೆ ಒಪ್ಪಿಸಿತು. 2001ರ ಅಂತರರಾಷ್ಟ್ರೀಯ ಒಪ್ಪಂದ ಮುಖ್ಯ ಬೆಳೆಗಳನ್ನು ಹಂಚಿಕೊಳ್ಳುವ ದಾರಿ ತೆರೆಯಿತು. ಅದೇ ವರ್ಷದ ಭಾರತದ ಕಾಯ್ದೆ, ರೈತ ತನ್ನ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ಉಳಿಸಿತು.

ತಣ್ಣಗಿಟ್ಟ ಬೀಜ ಇಟ್ಟ ದಿನಕ್ಕೇ ನಿಂತುಬಿಡುತ್ತದೆ; ರೋಗ, ಮಳೆ, ಬಿಸಿಲು ನಿಲ್ಲುವುದಿಲ್ಲ. ಆದ್ದರಿಂದಲೇ ಮಳವಳ್ಳಿ ತಾಲ್ಲೂಕು ಕಿರುಗಾವಲಿನ ಸೈಯದ್ ಘನಿ ಖಾನ್ ನೂರಾರು ಭತ್ತಗಳನ್ನು ವರ್ಷವರ್ಷ ಗದ್ದೆಗಿಳಿಸುತ್ತಾರೆ. 650ಕ್ಕೂ ಹೆಚ್ಚು ತಳಿ ಉಳಿಸಿದ ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಇಂಥವರನ್ನು ಹೊಗಳುವುದು ಸುಲಭ. ಆದರೆ ಒಂದು ಮನೆಯ ದುಡಿಮೆಯ ಮೇಲೆ ಇಷ್ಟೊಂದು ತಳಿಗಳ ಭಾರ ಹೊರಿಸುವುದು ನ್ಯಾಯವಲ್ಲ. ಅವರ ಬೀಜದ ಒಂದು ಪಾಲು ದೆಹಲಿಯ ಬ್ಯಾಂಕಿಗೆ ಹೋಗಬಹುದು. ಬ್ಯಾಂಕಿನ ದಾಖಲೆಯಲ್ಲಿ ಊರು, ಸಂಗ್ರಹದ ದಿನಾಂಕ ಇರುತ್ತವೆ. ಆದರೆ ಯಾವ ಭತ್ತ ಅವಲಕ್ಕಿಗೆ, ಯಾವುದು ಬಾಣಂತಿಗೆ, ಯಾವುದು ನೀರು ನಿಲ್ಲುವ ಗದ್ದೆಗೆ ಎಂದು ಬರೆದುಕೊಳ್ಳುವ ಕೆಲಸ ಬಹುಪಾಲು ಬಾಕಿಯೇ ಇದೆ.